ಮುಸುಕು ಹಾಕಿಕೊಳ್ಳುವ ನಕ್ಷತ್ರಗಳಿಗೆ ಸಣ್ಣ ದೂರದರ್ಶಕವೂ ಬೇಕು

ಮಾನ್ಯ ಸಂಪಾದಕರೇ,

ಚಿಲಿ ದೇಶದ ಸೆರೊ ಪಚೋನ್ ಬೆಟ್ಟದ ಮೇಲೆ ಕೆಲಸ ಆರಂಭಿಸಿರುವ ವೆರಾ ರೂಬಿನ್ ವೀಕ್ಷಣಾಲಯದ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 8.4 ಮೀಟರಿನ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಹತ್ತು ವರ್ಷಗಳ ಕಾಲ ದಕ್ಷಿಣದ ಆಕಾಶವನ್ನು ಕೆಲವೇ ರಾತ್ರಿಗಳಿಗೊಮ್ಮೆ ಚಿತ್ರಿಸುವ ಯೋಜನೆ, ಇವನ್ನೆಲ್ಲ ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕೊನೆಯಲ್ಲಿ, ಸಣ್ಣ ದೂರದರ್ಶಕಗಳಿಂದ ನಕ್ಷತ್ರಗಳ ಬೆಳಕನ್ನು ಅಳೆಯುತ್ತ ಕೂರುವ ಹವ್ಯಾಸಿಗಳಿಗೂ ಕಾಲೇಜುಗಳಿಗೂ ಇನ್ನು ಮಾಡಲು ಏನೂ ಉಳಿದಿಲ್ಲ ಎಂಬ ಅರ್ಥದ ಮಾತೊಂದನ್ನು ಸೇರಿಸಿದ್ದಾರೆ. ಆ ಮಾತು ಸರಿಯಲ್ಲ ಎಂದು ತೋರಿಸಲು ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗಲನ್ ಮೋಡದಲ್ಲಿಯೂ ಇರುವ ಒಂದು ಅಪರೂಪದ ನಕ್ಷತ್ರವರ್ಗವನ್ನು ಮುಂದಿಡಬಯಸುತ್ತೇನೆ.

ಈ ವರ್ಗಕ್ಕೆ ಹೆಸರು ಬಂದದ್ದು ಉತ್ತರ ಕಿರೀಟ ನಕ್ಷತ್ರಪುಂಜದ ಆರ್ ಕೊರೋನೆ ಬೊರಿಯಾಲಿಸ್ ಎಂಬ ನಕ್ಷತ್ರದಿಂದ. ಇಂಗ್ಲೆಂಡಿನ ಎಡ್ವರ್ಡ್ ಪಿಗಟ್ 1795ರಲ್ಲಿ ಅದರ ಕಾಂತಿ ಬದಲಾಗುವುದನ್ನು ಗುರುತಿಸಿದ. ಸಾಮಾನ್ಯ ದಿನಗಳಲ್ಲಿ ಅದು ಸುಮಾರು 6ನೇ ಕಾಂತಿಮಾನದ ನಕ್ಷತ್ರ (ಈ ಅಳತೆಯಲ್ಲಿ ಅಂಕ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಕತ್ತಲಿರುವ ಹಳ್ಳಿಯ ಆಕಾಶದಲ್ಲಿ ಬರಿಗಣ್ಣಿಗೆ ಕಂಡೂ ಕಾಣದಂತೆ, ಬೈನಾಕ್ಯುಲರಿನಲ್ಲಿ ನಿಚ್ಚಳವಾಗಿ ಕಾಣುತ್ತದೆ. ವರ್ಷಗಟ್ಟಲೆ ಹೀಗೆಯೇ ಇದ್ದು, ಯಾವ ಮುನ್ಸೂಚನೆಯೂ ಇಲ್ಲದೆ ಒಂದು ದಿನ ಮಂಕಾಗತೊಡಗಿ, ಕೆಲವೇ ವಾರಗಳಲ್ಲಿ ಎಂಟು ಕಾಂತಿಮಾನದಷ್ಟು, ಎಂದರೆ ಸುಮಾರು 1,600 ಪಟ್ಟು, ಕುಸಿದುಬಿಡಬಲ್ಲದು. ಮತ್ತೆ ಮೇಲೇಳುವುದು ನಿಧಾನವಾಗಿ. ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. 2007ರ ಜುಲೈನಲ್ಲಿ ಮಂಕಾಗತೊಡಗಿದಾಗ ಅದು 15ನೇ ಕಾಂತಿಮಾನದ ಸುತ್ತಮುತ್ತ ಇಳಿದು, ಅನೇಕ ವರ್ಷ ಹಿಂದಿನ ಸ್ಥಿತಿಗೆ ಮರಳಲೇ ಇಲ್ಲ. ಇಂಥ ಸಂದರ್ಭಗಳಲ್ಲಿ ‘ನಕ್ಷತ್ರ ಸಾಯುತ್ತಿದೆ’ ಎಂಬ ಶೀರ್ಷಿಕೆಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ಅದು ತಪ್ಪು ಕಲ್ಪನೆ. ನಕ್ಷತ್ರಕ್ಕೆ ಏನೂ ಆಗಿರುವುದಿಲ್ಲ. ಅದು ತಾನೇ ಹೊರಹಾಕಿದ ಇಂಗಾಲ ತಣ್ಣಗಾಗಿ ಸೂಕ್ಷ್ಮ ಕಣಗಳಾಗಿ ಘನೀಭವಿಸಿ, ನಮ್ಮ ದೃಷ್ಟಿಗೆ ಅಡ್ಡವಾಗಿ ನಿಂತಿರುತ್ತದೆ, ಲಾಟೀನಿನ ಗಾಜಿಗೆ ಮಸಿ ಕಟ್ಟಿದ ಹಾಗೆ. ಕಣ್ಣಿಗೆ ಕಾಣುವ ಬೆಳಕು ಇಷ್ಟೊಂದು ಕುಸಿದರೂ ಅವಕೆಂಪು ಬೆಳಕು ಹೆಚ್ಚು ಬದಲಾಗುವುದಿಲ್ಲ ಎಂಬುದು 1970ರ ದಶಕದ ಆರಂಭದಲ್ಲೇ ತಿಳಿದುಬಂದಿತ್ತು. ಸುತ್ತಲಿನ ಧೂಳು ನಕ್ಷತ್ರದ ಬೆಳಕನ್ನು ಹೀರಿ ಬಿಸಿಯಾಗಿ, ಆ ಶಾಖವನ್ನು ಸತತವಾಗಿ ಹೊರಸೂಸುತ್ತಿರುತ್ತದೆ.

ಇಂಗಾಲ ಹೆಚ್ಚಿರುವ ನಕ್ಷತ್ರಗಳೇನೂ ಅಪರೂಪವಲ್ಲ. ನೆರೆಯ ಗೆಲಾಕ್ಸಿಯೊಂದರಲ್ಲೇ ಅಂಥವು ಸಾವಿರಾರು ಇವೆ. ಇವುಗಳ ವಿಶೇಷ ಬೇರೆ ಇದೆ. ವಿಶ್ವದಲ್ಲಿ ಎಲ್ಲಕ್ಕಿಂತ ಹೇರಳವಾಗಿರುವ ಹೈಡ್ರೋಜನ್ ಇವುಗಳ ಮೇಲ್ಮೈಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇರುವುದೆಲ್ಲ ಹೀಲಿಯಂ, ಅದರೊಂದಿಗೆ ಇಂಗಾಲ. ರೋಹಿತವನ್ನು, ಎಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು, ತೆಗೆದರೆ ಎರಡು ಇಂಗಾಲದ ಪರಮಾಣುಗಳು ಸೇರಿದ ಅಣುವಿನ ಪಟ್ಟೆಗಳು ಎದ್ದು ಕಾಣುತ್ತವೆ, ಆದರೆ ಇಂಗಾಲ ಮತ್ತು ಹೈಡ್ರೋಜನ್ ಸೇರಿದ ಅಣುವಿನ ಪಟ್ಟೆ ಇರಬೇಕಾದ ಜಾಗದಲ್ಲಿ ತೀರ ಕ್ಷೀಣವಾಗಿರುತ್ತದೆ ಅಥವಾ ಕಾಣುವುದೇ ಇಲ್ಲ. ನಮ್ಮ ಕ್ಷೀರಪಥದಲ್ಲಿ ಈವರೆಗೆ ಗುರುತಿಸಿರುವ ಇಂಥ ನಕ್ಷತ್ರಗಳು ನೂರಕ್ಕಿಂತ ಸ್ವಲ್ಪ ಹೆಚ್ಚು. ನೆರೆಯ ಎರಡು ಗೆಲಾಕ್ಸಿಗಳಾದ ದೊಡ್ಡ ಮತ್ತು ಚಿಕ್ಕ ಮೆಗಲನ್ ಮೋಡಗಳಲ್ಲಿ ಸೇರಿ ಸುಮಾರು ಮೂವತ್ತು.

ಕೈಗೆಟುಕುವ ನೂರು ಇಲ್ಲೇ ಇರುವಾಗ ಅಲ್ಲಿಯ ಮೂವತ್ತರ ಹಿಂದೆ ಏಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಕಾರಣ ದೂರ. ಕ್ಷೀರಪಥದ ಇಂಥ ನಕ್ಷತ್ರಗಳು ಒಂದೊಂದೂ ಒಂದೊಂದು ದೂರದಲ್ಲಿವೆ, ನಡುವೆ ಎಷ್ಟು ಧೂಳಿದೆ ಎಂಬುದೂ ಪ್ರತ್ಯೇಕ ಲೆಕ್ಕ. ದೊಡ್ಡ ಮೆಗಲನ್ ಮೋಡದಲ್ಲಿರುವ ಎಲ್ಲ ನಕ್ಷತ್ರಗಳೂ ನಮ್ಮಿಂದ ಸರಿಸುಮಾರು ಒಂದೇ ದೂರದಲ್ಲಿ, ಅಂದರೆ ಸುಮಾರು 1,63,000 ಜ್ಯೋತಿರ್ವರ್ಷಗಳಾಚೆ ಇವೆ, ಮತ್ತು ಈ ದೂರವನ್ನು ಇಂದು ಶೇಕಡಾ ಒಂದರಷ್ಟು ನಿಖರತೆಯಲ್ಲಿ ಅಳೆಯಲಾಗಿದೆ. ಆದ್ದರಿಂದ ಅಲ್ಲಿಯ ನಕ್ಷತ್ರ ಎಷ್ಟು ಪ್ರಕಾಶವಾಗಿ ಕಾಣುತ್ತದೆ ಎಂದು ಅಳೆದರೆ ಅದು ನಿಜವಾಗಿ ಎಷ್ಟು ಪ್ರಕಾಶವಾಗಿದೆ ಎಂಬುದು ಒಂದು ಕಳೆಯುವ ಲೆಕ್ಕದಲ್ಲಿ ಸಿಕ್ಕಿಬಿಡುತ್ತದೆ. ಹೆನ್ರಿಯೆಟ್ಟಾ ಲೆವಿಟ್ ಅವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಚಿಕ್ಕ ಮೋಡದ ಸೆಫೀಡ್ ನಕ್ಷತ್ರಗಳ, ಎಂದರೆ ಕ್ರಮಬದ್ಧವಾಗಿ ಮಿಡಿಯುತ್ತ ಪ್ರಕಾಶ ಬದಲಿಸುವ ನಕ್ಷತ್ರಗಳ, ಅವಧಿಗೂ ಪ್ರಕಾಶಕ್ಕೂ ಇರುವ ಸಂಬಂಧವನ್ನು 1912ರಲ್ಲಿ ತೋರಿಸಿಕೊಟ್ಟದ್ದೂ ಇದೇ ಅನುಕೂಲದಿಂದ.

ದೊಡ್ಡ ಮೋಡದ ಡಬ್ಲ್ಯು ಮೆನ್ಸೆ ಎಂಬ ನಕ್ಷತ್ರವನ್ನು ತೆಗೆದುಕೊಳ್ಳೋಣ. ಅದು ಪೂರ್ಣ ಪ್ರಕಾಶದಲ್ಲಿದ್ದಾಗ ಸುಮಾರು 13.8ನೇ ಕಾಂತಿಮಾನದಲ್ಲಿ ಕಾಣುತ್ತದೆ. ಮೋಡದ ದೂರಕ್ಕೆ ಕಳೆಯಬೇಕಾದ ಅಂಕ 18.5. ನಡುವಿನ ಧೂಳು ನುಂಗಿದ ಅಲ್ಪ ಬೆಳಕನ್ನೂ ಸರಿದೂಗಿಸಿದರೆ ನಿರಪೇಕ್ಷ ಕಾಂತಿಮಾನ, ಎಂದರೆ ನಕ್ಷತ್ರದ ನಿಜವಾದ ಪ್ರಕಾಶದ ಅಂಕ, ಹತ್ತಿರಹತ್ತಿರ ಋಣ 5 ಬರುತ್ತದೆ. ಸೂರ್ಯನಿಗಿಂತ ಸುಮಾರು 10,000 ಪಟ್ಟು ಪ್ರಕಾಶ. ಇದೇ ಅಂಕವನ್ನು ಉತ್ತರ ಕಿರೀಟದ ಮೂಲ ನಕ್ಷತ್ರಕ್ಕೆ ಹಚ್ಚಿದರೆ ಅದು ನಾಲ್ಕು ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿರಬೇಕು ಎಂಬ ಅಂದಾಜು ಸಿಗುತ್ತದೆ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಮೈಕೆಲ್ ಫೀಸ್ಟ್ ಮುಂತಾದವರು ಈ ದಾರಿಯಲ್ಲಿ ಯೋಚಿಸುವಾಗ ಅವರ ಕೈಯಲ್ಲಿದ್ದದ್ದು ದೊಡ್ಡ ಮೋಡದ ಮೂರೇ ನಕ್ಷತ್ರಗಳು. ಅಷ್ಟರಿಂದಲೇ ಇವು ಅತಿದೈತ್ಯ ನಕ್ಷತ್ರಗಳೆಂಬುದು ಖಚಿತವಾಯಿತು. ಆಮೇಲೆ ಸಂಖ್ಯೆ ಹೆಚ್ಚಿದಾಗ, ಮೇಲ್ಮೈ ತಂಪಾದಷ್ಟೂ ಇವು ಮಂಕಾಗಿರುತ್ತವೆ, ಎಲ್ಲವೂ ಋಣ 5ರಲ್ಲಿ ಇರುವುದಿಲ್ಲ ಎಂಬ ತಿದ್ದುಪಡಿಯೂ ಅದೇ ಮೋಡದಿಂದ ಬಂತು.

ಸಂಖ್ಯೆ ಹೆಚ್ಚಿದ ಬಗೆಯೂ ಹೇಳುವಂಥದ್ದೇ. 1992ರಿಂದ ಆಸ್ಟ್ರೇಲಿಯಾದ ಮೌಂಟ್ ಸ್ಟ್ರೋಮ್ಲೊದಲ್ಲಿ ಮಾಕೊ ಎಂಬ ತಂಡವು ಮೆಗಲನ್ ಮೋಡಗಳ ಲಕ್ಷಾಂತರ ನಕ್ಷತ್ರಗಳನ್ನು ರಾತ್ರಿ ರಾತ್ರಿಯೂ ಅಳೆಯತೊಡಗಿತು. ಅವರು ಹುಡುಕುತ್ತಿದ್ದದ್ದು ಕಪ್ಪು ದ್ರವ್ಯವನ್ನು; ಕಾಣದ ಕಾಯವೊಂದು ದೂರದ ನಕ್ಷತ್ರದ ಮುಂದೆ ಹಾದುಹೋದರೆ ಗುರುತ್ವದ ಮಸೂರದಿಂದ ಆ ನಕ್ಷತ್ರ ಕೆಲಕಾಲ ಹೆಚ್ಚು ಪ್ರಕಾಶಿಸುತ್ತದೆ ಎಂಬುದು ನಿರೀಕ್ಷೆ. ಪ್ರಕಾಶ ಏರುವುದನ್ನು ಕಾಯುತ್ತಿದ್ದವರಿಗೆ ಇಳಿಯುವ ನಕ್ಷತ್ರಗಳೂ ಸಿಕ್ಕವು. ಅದೇ ಕಾಲದಲ್ಲಿ ಚಿಲಿಯ ಲಾ ಸಿಯಾದಿಂದ ಎರೋಸ್ ತಂಡ, ಲಾಸ್ ಕಂಪಾನಾಸ್‌ನಿಂದ ಪೋಲೆಂಡಿನವರ ಓಗಲ್ ತಂಡ ಇದೇ ಕೆಲಸದಲ್ಲಿ ತೊಡಗಿದವು. ಇವುಗಳಲ್ಲಿ ಬಳಸಿದ ದೂರದರ್ಶಕಗಳ ಕನ್ನಡಿಗಳು 1 ಮೀಟರಿನಿಂದ 1.3 ಮೀಟರಿನವು, ಇವತ್ತಿನ ಲೆಕ್ಕದಲ್ಲಿ ಸಾಧಾರಣ ಗಾತ್ರದವು. ಮಾಕೊ ಬಳಸಿದ ಹಳೆಯ ದೂರದರ್ಶಕವಂತೂ 2003ರ ಜನವರಿಯ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಯಿತು, ಆದರೆ ಅದು ಕೂಡಿಟ್ಟ ಅಳತೆಗಳು ಉಳಿದುಕೊಂಡವು. ಓಗಲ್ ತಂಡದವರು ತಮ್ಮ ಅಂಕಿಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಕಾಲ ಕಳೆದಂತೆ ಕಾಂತಿ ಬದಲಾಗುವುದನ್ನು ತೋರಿಸುವ ಅಂಥ ಒಂದು ಕಾಂತಿ ರೇಖೆಯನ್ನು ತೆರೆದು ನೋಡಿದರೆ, ಋತುವಿಂದ ಋತುವಿಗೆ ಒಂದೇ ಮಟ್ಟದಲ್ಲಿ ಸಾಲುಗಟ್ಟಿದ ಚುಕ್ಕೆಗಳು ಒಂದು ಕಡೆ ನೇರ ಕೆಳಕ್ಕೆ ಬಿದ್ದು, ಆಮೇಲೆ ಓರೆಯಾಗಿ, ತಡವರಿಸುತ್ತ ಮೇಲೇರುವುದು ಕಾಣುತ್ತದೆ. ಇದೇ ಜಾತಿಗೆ ಹತ್ತಿರದ, ಇನ್ನೂ ತಂಪಾದ ಡಿವೈ ಪರ್ಸೈ ಎಂಬ ಬಗೆಯವು ಬೀಳುವಾಗಲೂ ಏಳುವಾಗಲೂ ಒಂದೇ ಓರೆಯಲ್ಲಿರುತ್ತವೆ. ಸ್ವಲ್ಪ ಅಭ್ಯಾಸವಾದರೆ ರೇಖೆಯನ್ನು ನೋಡಿಯೇ ಎರಡನ್ನೂ ಬೇರೆ ಮಾಡಬಹುದು.

ಹಾಗಾದರೆ ಈಗ ರೂಬಿನ್‌ನಂಥ ಬೃಹತ್ ಯಂತ್ರ ಬಂದಿರುವಾಗ ಉಳಿದವರ ಕೆಲಸ ಮುಗಿದಂತಲ್ಲವೇ? ಲೇಖಕರ ಗಮನಕ್ಕೆ ಬಾರದ ಸಂಗತಿ ಇಲ್ಲಿದೆ. ಆ ದೂರದರ್ಶಕವನ್ನು ತೀರ ಮಂಕಾದ ಕಾಯಗಳಿಗೆಂದು ಕಟ್ಟಿದ್ದಾರೆ. ಅದರ ಮಾಮೂಲಿ ಚಿತ್ರಗಳಲ್ಲಿ ಸುಮಾರು 16ನೇ ಕಾಂತಿಮಾನಕ್ಕಿಂತ ಪ್ರಕಾಶವಾದ ನಕ್ಷತ್ರಗಳು ಬಿದ್ದ ಜಾಗದಲ್ಲಿ ಕ್ಯಾಮೆರಾದ ಬಿಂದುಗಳು ಬೆಳಕಿನಿಂದ ತುಂಬಿ ತುಳುಕುತ್ತವೆ, ಅಳತೆ ಕೆಡುತ್ತದೆ. ದೊಡ್ಡ ಮೋಡದ ಪ್ರಮುಖ ನಕ್ಷತ್ರಗಳು ಪೂರ್ಣ ಪ್ರಕಾಶದಲ್ಲಿ 14ನೇ ಕಾಂತಿಮಾನದ ಆಸುಪಾಸಿನಲ್ಲಿವೆ. ಎಂದರೆ ಅವು ಮುಸುಕು ಹಾಕಿಕೊಂಡು ಕೆಳಗಿಳಿದ ಮೇಲೆ ರೂಬಿನ್ ಅವನ್ನು ಸೊಗಸಾಗಿ ಹಿಂಬಾಲಿಸಬಲ್ಲದು. ಮುಸುಕು ತೆರೆದಿರುವಾಗ, ಮತ್ತು ಮುಖ್ಯವಾಗಿ ಅದನ್ನು ಎಳೆದುಕೊಳ್ಳಲು ಆರಂಭಿಸಿದ ಮೊದಲ ದಿನಗಳಲ್ಲಿ, ಅದರ ಕಣ್ಣು ಕುಕ್ಕುತ್ತದೆ. ಸಣ್ಣ ಮಸೂರಗಳ ಸಾಲನ್ನಿಟ್ಟು ಇಡೀ ಆಕಾಶವನ್ನು ಕಾಯುವ ಆಸಾಸ್-ಎಸ್‌ಎನ್‌ನಂಥ ಸ್ವಯಂಚಾಲಿತ ವ್ಯವಸ್ಥೆಗಳಿವೆ, ಅವುಗಳ ಉಪಕಾರ ದೊಡ್ಡದು. ಆದರೆ ಅವುಗಳ ಒಂದೊಂದು ಬಿಂದುವೂ ಆಕಾಶದ ಎಂಟು ವಿಕಲೆಯಷ್ಟು (ಒಂದು ವಿಕಲೆ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಜಾಗವನ್ನು ಆವರಿಸುವುದರಿಂದ, ನಕ್ಷತ್ರಗಳು ಕಿಕ್ಕಿರಿದಿರುವ ಮೋಡದ ನಡುಭಾಗದಲ್ಲಿ ಅಕ್ಕಪಕ್ಕದವುಗಳ ಬೆಳಕು ಒಂದರೊಳಗೊಂದು ಬೆರೆತುಹೋಗುತ್ತದೆ. ಇವೆರಡರ ನಡುವಿನ ತೆರಪು 30 ರಿಂದ 50 ಸೆಂಟಿಮೀಟರಿನ ದೂರದರ್ಶಕಗಳಿಗೆ ಸೇರಿದ್ದು.

ಮಂಕಾಗುವ ಮೊದಲ ದಿನಕ್ಕೆ ಇಷ್ಟೇಕೆ ಮಹತ್ವ ಎಂಬುದನ್ನು ವಿವರಿಸಬೇಕು, ಏಕೆಂದರೆ ನನ್ನ ವಾದ ನಿಂತಿರುವುದೇ ಅದರ ಮೇಲೆ. ಇಂಗಾಲ ಮಸಿಯಾಗಿ ಘನೀಭವಿಸಲು ಉಷ್ಣತೆ ಸುಮಾರು 1,500 ಕೆಲ್ವಿನ್‌ಗೆ ಇಳಿಯಬೇಕು. ಈ ನಕ್ಷತ್ರಗಳಲ್ಲಿ ಹೆಚ್ಚಿನವುಗಳ ಮೇಲ್ಮೈ ಐದರಿಂದ ಏಳು ಸಾವಿರ ಕೆಲ್ವಿನ್ ಬಿಸಿ ಇದೆ. ಅಷ್ಟು ಬಿಸಿಯ ಬಳಿ ಮಸಿ ಹುಟ್ಟುವುದು ಹೇಗೆ, ಹುಟ್ಟಿದರೂ ಎಷ್ಟು ದೂರದಲ್ಲಿ ಹುಟ್ಟುತ್ತದೆ ಎಂಬುದು ದಶಕಗಳಿಂದ ನಡೆದಿರುವ ಚರ್ಚೆ. ಈ ನಕ್ಷತ್ರಗಳು ನಲವತ್ತು ದಿನಗಳ ಆಸುಪಾಸಿನ ಅವಧಿಯಲ್ಲಿ ಮೆಲ್ಲಗೆ ಹಿಗ್ಗಿ ಕುಗ್ಗುತ್ತಿರುತ್ತವೆ. ಧನು ರಾಶಿಯ ಆರ್‌ವೈ ಸ್ಯಾಜಿಟೇರಿಯಲ್ಲಿ ಈ ಮಿಡಿತಕ್ಕೆ ಸುಮಾರು 38 ದಿನ. ಮಿಡಿತದ ಆಘಾತದ ಅಲೆ ಹಾದುಹೋದ ಹಿಂದೆಯೇ ಅನಿಲ ಹಿಗ್ಗಿ ದಿಢೀರನೆ ತಣ್ಣಗಾಗಿ ಮಸಿ ಕಟ್ಟಬಹುದೆಂಬ ವಿವರಣೆ ನಿಜವಾದರೆ, ಮಂಕಾಗುವಿಕೆ ಮಿಡಿತದ ಒಂದು ನಿಗದಿತ ಘಟ್ಟದಲ್ಲೇ ಆರಂಭವಾಗಬೇಕು. ದಕ್ಷಿಣ ಆಫ್ರಿಕಾದ ಲೀಸಾ ಕ್ರೌಸ್ ಮತ್ತು ಸಂಗಡಿಗರು 2007ರಲ್ಲಿ ಕ್ಷೀರಪಥದ ಕೆಲವು ನಕ್ಷತ್ರಗಳಲ್ಲಿ ಹಾಗೆಯೇ ಆಗುತ್ತಿದೆ ಎಂದು ತೋರಿಸಿದರು, ಮತ್ತು ಆ ತೀರ್ಮಾನಕ್ಕೆ ಬೇಕಾದ ಆರಂಭದ ದಿನಾಂಕಗಳಲ್ಲಿ ದೊಡ್ಡ ಪಾಲು ಹವ್ಯಾಸಿ ವೀಕ್ಷಕರ ಟಿಪ್ಪಣಿಗಳಿಂದ ಬಂದದ್ದು. ಹತ್ತು ದಿನಕ್ಕೊಮ್ಮೆ ನೋಡಿದರೆ ನಲವತ್ತು ದಿನದ ಮಿಡಿತದಲ್ಲಿ ಆರಂಭದ ಘಟ್ಟ ಯಾವುದೆಂದು ಹೇಳಲಾಗದು. ದಿನವೂ ನೋಡಬೇಕು, ಏನೂ ಬದಲಾಗದ ರಾತ್ರಿಗಳಲ್ಲೂ ನೋಡಬೇಕು. ದೂರ ಖಚಿತವಾಗಿ ಗೊತ್ತಿರುವ ಮೋಡದ ನಕ್ಷತ್ರಗಳಲ್ಲಿ ಇದೇ ಪರೀಕ್ಷೆ ನಡೆದರೆ ಮಿಡಿತ, ಪ್ರಕಾಶ, ಮಸಿ ಈ ಮೂರನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಬಹುದು.

ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿ854 ಸೆಂಟೌರಿಯೇ ಸಾಕ್ಷಿ. ಪೂರ್ಣ ಪ್ರಕಾಶದಲ್ಲಿ 7ನೇ ಕಾಂತಿಮಾನದ, ಬೈನಾಕ್ಯುಲರಿಗೆ ಸಿಗುವ ಈ ನಕ್ಷತ್ರ ಜಗತ್ತಿನ ಗಮನಕ್ಕೆ ಬಂದದ್ದು 1986ರಲ್ಲಿ. ಅದಕ್ಕೆ ಹಿಂದಿನ ದಶಕಗಳಲ್ಲಿ ಅದು ಬಹುಕಾಲ ಮುಸುಕಿನೊಳಗೇ ಇದ್ದುದರಿಂದ ಅದು ಈ ವರ್ಗದ್ದೆಂದು ಗೊತ್ತಾಗಿರಲಿಲ್ಲ.

ಇವು ಹುಟ್ಟುವ ಬಗೆಯ ಬಗ್ಗೆ ಎರಡು ವಾದಗಳಿದ್ದವು. ಸಾಯುವ ಹಂತದ ನಕ್ಷತ್ರದ ಒಳಗಿನ ಹೀಲಿಯಂ ಪದರ ಕೊನೆಯ ಬಾರಿ ಭುಗಿಲೆದ್ದು ಹೀಗಾಗುತ್ತದೆ ಎಂಬುದು ಒಂದು. ಒಂದನ್ನೊಂದು ಸುತ್ತುತ್ತಿದ್ದ ಎರಡು ಶ್ವೇತ ಕುಬ್ಜಗಳು (ಇಂಧನ ಮುಗಿದ ನಕ್ಷತ್ರಗಳ ದಟ್ಟ ತಿರುಳುಗಳು), ಒಂದು ಹೀಲಿಯಮ್ಮಿನದು ಇನ್ನೊಂದು ಇಂಗಾಲ–ಆಮ್ಲಜನಕದ್ದು, ವಿಲೀನವಾಗಿ ಹುಟ್ಟಿದ ನಕ್ಷತ್ರ ಎಂಬುದು ಇನ್ನೊಂದು. 2007ರ ಹೊತ್ತಿಗೆ ಅಮೆರಿಕದ ಜೆಫ್ರಿ ಕ್ಲೇಟನ್ ಮತ್ತು ಸಂಗಡಿಗರು ಇಂಥ ಹಲವು ನಕ್ಷತ್ರಗಳಲ್ಲಿ ಆಮ್ಲಜನಕ-18, ಎಂದರೆ ಆಮ್ಲಜನಕದ ಭಾರವಾದ ಬಗೆ, ವಿಪರೀತವಾಗಿರುವುದನ್ನು ಕಂಡರು. ಸೂರ್ಯನಲ್ಲಿ ಆಮ್ಲಜನಕ-16ರ ಸುಮಾರು ಐನೂರು ಪರಮಾಣುಗಳಿಗೆ ಒಂದು ಇರಬೇಕಾದದ್ದು, ಇಲ್ಲಿ ಸರಿಸಮನಾಗಿ, ಕೆಲವೆಡೆ ಅದಕ್ಕೂ ಮಿಗಿಲಾಗಿತ್ತು. ಬಿಸಿಯಾದ ವಿಲೀನದಲ್ಲಷ್ಟೇ ಹೀಗಾಗುವುದು ಸುಲಭವಾದ್ದರಿಂದ ತಕ್ಕಡಿ ಎರಡನೆಯ ವಾದದ ಕಡೆಗೆ ವಾಲಿತು. ಇದರಲ್ಲಿ ಬೆಂಗಳೂರಿನ ಪಾಲೂ ಇದೆ ಎಂಬುದು ನಮ್ಮ ಓದುಗರಿಗೆ ತಿಳಿದಿರಬೇಕಾದ ಸಂಗತಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು ಟೆಕ್ಸಾಸ್‌ನ ಡೇವಿಡ್ ಲ್ಯಾಂಬರ್ಟ್ ಅವರೊಂದಿಗೆ ದಶಕಗಳ ಕಾಲ ಈ ನಕ್ಷತ್ರಗಳ ರೋಹಿತಗಳನ್ನೇ ಅಭ್ಯಾಸ ಮಾಡಿದವರು. ಅದೇ ಸಂಸ್ಥೆಯ ಗಜೇಂದ್ರ ಪಾಂಡೆ ಅವರೊಂದಿಗೆ ಸೇರಿ ಇವರು 2008ರಲ್ಲಿ, ಈ ನಕ್ಷತ್ರಗಳಲ್ಲಿ ಫ್ಲೋರೀನ್ ನಿರೀಕ್ಷೆಗಿಂತ ನೂರಾರು, ಸಾವಿರಾರು ಪಟ್ಟು ಹೆಚ್ಚಿರುವುದನ್ನು ಪ್ರಕಟಿಸಿದರು. ಅದೂ ವಿಲೀನದ ವಾದಕ್ಕೆ ಒತ್ತು ಕೊಡುವ ಸಾಕ್ಷ್ಯ.

ಇಲ್ಲಿಂದಲೇ ಮೆಗಲನ್ ಮೋಡಗಳನ್ನು ನೋಡಬಹುದೇ ಎಂದರೆ, ಹೆಸರಿಗೆ ನೋಡಬಹುದು. ಚಳಿಗಾಲದ ರಾತ್ರಿ ಲುಬ್ಧಕದ ಕೆಳಗೆ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ನೆತ್ತಿಯ ರೇಖೆಗೆ ಬಂದಾಗ, ಅದಕ್ಕಿಂತ ಸುಮಾರು 17 ಡಿಗ್ರಿ ಕೆಳಗೆ ದೊಡ್ಡ ಮೋಡ ಇರುತ್ತದೆ. ಮೈಸೂರಿನಿಂದ ಅದು ದಿಗಂತದಿಂದ ಎಂಟು ಡಿಗ್ರಿಯನ್ನೂ ದಾಟುವುದಿಲ್ಲ, ಬೀದರಿನಿಂದ ಎರಡು ಡಿಗ್ರಿ ಮಾತ್ರ. ಅಷ್ಟು ತಗ್ಗಿನಲ್ಲಿ ಬೆಳಕು ನೆತ್ತಿಗಿಂತ ಏಳೆಂಟು ಪಟ್ಟು ಗಾಳಿಯನ್ನು ತೂರಿ ಬರಬೇಕು. 14ನೇ ಕಾಂತಿಮಾನದ ನಕ್ಷತ್ರ ಅಲ್ಲೇ ಕರಗಿಹೋಗುತ್ತದೆ. ಲಡಾಖಿನ ಹಾನ್ಲೆಯಲ್ಲಿರುವ, ಹೊಸಕೋಟೆಯಿಂದ ನಿಯಂತ್ರಿಸುವ ನಮ್ಮ ಹಿಮಾಲಯನ್ ಚಂದ್ರ ದೂರದರ್ಶಕಕ್ಕಂತೂ ಮೋಡಗಳು ಹುಟ್ಟುವುದೇ ಇಲ್ಲ. ಹಾಗೆಂದು ದಕ್ಷಿಣದ ಆಕಾಶ ನಮಗೆ ಪರಕೀಯವೇನಲ್ಲ. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅವರು ದೊಡ್ಡ ಮೋಡದ ದಿಕ್ಕಿಗೆ ಸಮೀಪದಲ್ಲೇ ಇರುವ ಆರ್ ರೆಟಿಕ್ಯುಲಿಯ ಕಾಂತಿ ಬದಲಾಗುವುದನ್ನು 1867ರಲ್ಲಿ ಗುರುತಿಸಿದ್ದರು. ಆಗ ಆ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದವರು, ನಾವು ಇಂದಿಗೂ ಬಳಸುವ ಕಾಂತಿಮಾನದ ಅಳತೆಗೋಲನ್ನು ಲೋಕಕ್ಕೆ ಕೊಟ್ಟ ನಾರ್ಮನ್ ಪಾಗ್ಸನ್.

ಇಂದು ಅಂತರಜಾಲದ ಮೂಲಕ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್, ಚಿಲಿ, ದಕ್ಷಿಣ ಆಫ್ರಿಕಾಗಳಲ್ಲಿರುವ ಸಣ್ಣ ದೂರದರ್ಶಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು. ಲಾಸ್ ಕಂಬ್ರೆಸ್ ಎಂಬ ಜಾಲವು ಶಿಕ್ಷಣ ಯೋಜನೆಗಳಿಗೆ ಉಚಿತ ಸಮಯವನ್ನೂ ಕೊಡುತ್ತದೆ. ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗ ದೊಡ್ಡ ಮೋಡದ ನಾಲ್ಕೈದು ನಕ್ಷತ್ರಗಳನ್ನು ಆಯ್ದುಕೊಂಡು, ಹಸಿರು–ಹಳದಿ ಬೆಳಕನ್ನು ಬಿಡುವ ‘ವಿ’ ಶೋಧಕದಲ್ಲಿ ರಾತ್ರಿಗೊಂದು ಚಿತ್ರ ತೆಗೆದು, ಅದೇ ಚಿತ್ರದಲ್ಲಿರುವ, ಕಾಂತಿಮಾನ ಮೊದಲೇ ಗೊತ್ತಿರುವ ನಕ್ಷತ್ರಗಳೊಂದಿಗೆ ಹೋಲಿಸಿ ಅಂಕವನ್ನು ಬರೆದಿಟ್ಟರೆ ಸಾಕು. ಹೋಲಿಕೆಯ ನಕ್ಷತ್ರಗಳ ನಕ್ಷೆಯನ್ನು 1911ರಲ್ಲಿ ಆರಂಭವಾದ ಅಮೆರಿಕದ ಹವ್ಯಾಸಿ ವೀಕ್ಷಕರ ಸಂಘ, ಅಂದರೆ ಆವ್ಸೊ, ಒದಗಿಸುತ್ತದೆ, ಅಳತೆಗಳನ್ನು ಸ್ವೀಕರಿಸಿ ಕಾಪಿಡುವುದೂ ಅದೇ. ನಕ್ಷತ್ರ ಇರಬೇಕಾದ ಜಾಗ ಖಾಲಿ ಕಂಡರೆ ಆ ರಾತ್ರಿಯ ಕೆಲಸ ವ್ಯರ್ಥವಾಯಿತೆಂದು ವಿದ್ಯಾರ್ಥಿಗಳು ಪುಟ ತಿರುವಬಾರದು. ಚಿತ್ರದಲ್ಲಿ ಕಾಣುವ ಅತ್ಯಂತ ಮಂಕಾದ ಹೋಲಿಕೆ ನಕ್ಷತ್ರ 16.2 ಆಗಿದ್ದರೆ ‘16.2ಕ್ಕಿಂತ ಮಂಕು’ ಎಂದು ಬರೆಯುವುದೇ ಪದ್ಧತಿ. ಕುಸಿತದ ವೇಗವನ್ನು ಕಟ್ಟುವಾಗ ಇಂಥ ನಮೂದುಗಳೇ ಕೈಹಿಡಿಯುತ್ತವೆ. ಇದಕ್ಕೆ ಮುನ್ನ ಕೈ ಪಳಗಿಸಿಕೊಳ್ಳಲು ನಮ್ಮದೇ ಆಕಾಶದಲ್ಲಿ ಎರಡು ನಕ್ಷತ್ರಗಳಿವೆ: ಮೇ–ಜೂನ್ ಸಂಜೆಗಳಲ್ಲಿ ನೆತ್ತಿಯ ಸಮೀಪಕ್ಕೇ ಬರುವ ಉತ್ತರ ಕಿರೀಟದ ಮೂಲ ನಕ್ಷತ್ರ, ಆಗಸ್ಟ್–ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ ಕಾಣುವ ಆರ್‌ವೈ ಸ್ಯಾಜಿಟೇರಿ. ಎರಡಕ್ಕೂ ಬೈನಾಕ್ಯುಲರ್ ಸಾಕು, ಹಣವೇನೂ ಬೇಡ.

ಯಾವುದಾದರೂ ನಕ್ಷತ್ರ ಇಳಿಯತೊಡಗಿದ್ದು ಖಚಿತವಾದ ಕೂಡಲೇ ದೊಡ್ಡ ದೂರದರ್ಶಕದವರಿಗೆ ಸುದ್ದಿ ಮುಟ್ಟಬೇಕು, ಏಕೆಂದರೆ ಇಳಿಯುವ ಹೊತ್ತಿನಲ್ಲಿ ರೋಹಿತದಲ್ಲಿ ಕೆಲವೇ ವಾರ ಇದ್ದು ಮಾಯವಾಗುವ ಹೊಳಪಿನ ರೇಖೆಗಳು ಮೂಡುತ್ತವೆ. 14ನೇ ಕಾಂತಿಮಾನದ ನಕ್ಷತ್ರದ ಅಂಥ ಸೂಕ್ಷ್ಮ ರೋಹಿತಕ್ಕೆ ದೊಡ್ಡ ಕನ್ನಡಿಯೇ ಬೇಕು. ದಕ್ಷಿಣ ಆಫ್ರಿಕಾದ ಸದರ್‌ಲ್ಯಾಂಡ್‌ನಲ್ಲಿರುವ ಸಾಲ್ಟ್ ದೂರದರ್ಶಕದಲ್ಲಿ ಪುಣೆಯ ಅಯುಕಾ ಸಂಸ್ಥೆ ಪಾಲುದಾರ, ಮತ್ತು ಆ ದೂರದರ್ಶಕಕ್ಕೆ ಮೆಗಲನ್ ಮೋಡಗಳು ಎಟುಕುತ್ತವೆ. ಕಾಲೇಜಿನ ಸಣ್ಣ ಅಳತೆಯಿಂದ ಹೊರಟ ಸೂಚನೆ ನಮ್ಮದೇ ವಿಜ್ಞಾನಿಗಳ ಮೂಲಕ ಅಲ್ಲಿಗೆ ತಲುಪಲು ದಾರಿ ಇದೆ ಎಂದು ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಆದ್ದರಿಂದ ಮುಂದಿನ ಪುರವಣಿಯಲ್ಲಿ ಲೇಖನದ ಆ ಕೊನೆಯ ವಾಕ್ಯಕ್ಕೆ ಒಂದು ಸ್ಪಷ್ಟೀಕರಣವನ್ನು ಪ್ರಕಟಿಸಬೇಕೆಂದೂ, ತಾವು ಪ್ರತಿ ತಿಂಗಳು ಕೊಡುವ ‘ಈ ತಿಂಗಳ ಆಕಾಶ’ ಅಂಕಣದಲ್ಲಿ ಗ್ರಹಗಳ ಜೊತೆಗೆ ಉತ್ತರ ಕಿರೀಟದ ನಕ್ಷತ್ರ ಮತ್ತು ಆರ್‌ವೈ ಸ್ಯಾಜಿಟೇರಿಗಳ ಅಂದಿನ ಕಾಂತಿಮಾನಕ್ಕೂ ಎರಡು ಸಾಲಿನ ಜಾಗ ಮಾಡಿಕೊಡಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ
ಮೈಸೂರು